ಪ್ರತಿಕ್ರಿಯೆ: ನೊಣಕ್ಕೆ ಹಸಿವು ಯಾವುದು, ಬಾಯಾರಿಕೆ ಯಾವುದು ಅಂತ ಗೊತ್ತಾಗುತ್ತಾ?

ಅಷ್ಟು ಚಿಕ್ಕ ತಲೇಲಿ ಹಸಿವು ಬೇರೆ ಬಾಯಾರಿಕೆ ಬೇರೆ ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ರಲ್ಲ, ಹಣ್ಣಿನ ನೊಣದಲ್ಲಿ (ಬಾಳೆಹಣ್ಣು ಕಳಿತರೆ ಮುತ್ಕೊಳ್ಳುತ್ತಲ್ಲ ಅದೇ ಪುಟಾಣಿ) ಇದಕ್ಕೆ ಮಸ್ತ್ ಉತ್ತರ ಸಿಕ್ಕಿದೆ. 2016ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಕ್ರಿಸ್ಟಿನ್ ಸ್ಕಾಟ್ ಲ್ಯಾಬ್‌ನವರು ಅದರ ಮಿದುಳಲ್ಲಿ ಎರಡೂ ಸಿಗ್ನಲ್ ಓದೋ ನ್ಯೂರಾನ್‌ಗಳನ್ನ (ನರಕೋಶಗಳನ್ನ) ಹುಡುಕಿದ್ರು, ಬರೀ ನಾಲ್ಕು! ಹಸಿವಾದಾಗ ಎಕೆಎಚ್ ಅನ್ನೋ ಹಾರ್ಮೋನ್ ಬಂದು ಇವನ್ನ ಚುರುಕು ಮಾಡುತ್ತೆ, ಆಗ ನೊಣ ಸಕ್ಕರೆ ಜಾಸ್ತಿ ಹೀರುತ್ತೆ ನೀರು ಕಮ್ಮಿ ಕುಡಿಯುತ್ತೆ, ಅದೇ ಮೈಯಲ್ಲಿ ನೀರು ಇಳಿದು ರಕ್ತ ಗಟ್ಟಿಯಾದ್ರೆ (ಕೀಟಕ್ಕೆ ಹೀಮೋಲಿಂಫ್ ಅನ್ಬೇಕು, ಇರಲಿ ಬಿಡಿ) ಇವೇ ನ್ಯೂರಾನ್ ಮಂಕಾಗ್ತವೆ, ಆಗ ಎಲ್ಲಾ ಉಲ್ಟಾ. ತಕ್ಕಡಿ ಒಂದೇ, ತಟ್ಟೆ ಎರಡು ಅನ್ನೋ ಹಾಗೆ.

ನೀರು ಹುಡುಕೋದು ಬೇರೆ ಕಥೆ. ಆಂಟೆನಾದಲ್ಲಿ ತೇವ ಗ್ರಹಿಸೋ ಕೋಶಗಳಿವೆ, ಚೆನ್ನಾಗಿ ನೀರು ಕುಡಿದಿರೋ ನೊಣ ತೇವದ ಗಾಳಿ ಬಿಟ್ಟು ದೂರ ಹೋಗುತ್ತೆ, ಬಾಯಾರಿದ್ದು ಅದೇ ಗಾಳಿ ಕಡೆಗೇ ನುಗ್ಗುತ್ತೆ, ನಂಗಂತೂ ಇದೇ ಜಾಸ್ತಿ ಇಷ್ಟ ಆಗಿದ್ದು. ಹತ್ರ ಹೋದ್ಮೇಲೆ ಸೊಂಡಿಲಿನ ರುಚಿ ಕೂದಲಲ್ಲಿರೋ ಪಿಪಿಕೆ28 ಅನ್ನೋ ಚಾನೆಲ್ (ಕೋಶದ ಗೋಡೇಲಿರೋ ಬಾಗಿಲಿನಂಥ ಪ್ರೋಟೀನ್) ಇದು ನೀರೇ ಅಂತ ಹೇಳುತ್ತೆ. ಆ ಚಾನೆಲ್ ಮಾಡೋ ಜೀನ್ ಕೆಡಿಸಿದ್ರೆ ನೀರು ಮುಂದೇ ಇದ್ರೂ ಕಮ್ಮಿ ಕುಡಿಯುತ್ತೆ.