ಹುಣ್ಣಿಮೆಯಂದು ಚಂದ್ರನ ಕುಳಿಗಳು ಮರೆಯಾಗುವುದೇಕೆ?

ಪ್ರಶ್ನೆ: ನನ್ನ ಬಳಿ 130 ಮಿ.ಮೀ. ವ್ಯಾಸದ ಕನ್ನಡಿಯುಳ್ಳ ದೂರದರ್ಶಕವಿದೆ. ಹುಣ್ಣಿಮೆಯ ರಾತ್ರಿ ಚಂದ್ರನನ್ನು ನೋಡಿದರೆ ಕುಳಿಗಳ ಆಳ ತಿಳಿಯುವುದಿಲ್ಲ, ಎಲ್ಲವೂ ಬಿಳಿಯ ಮಚ್ಚೆಗಳಂತೆ ಕಾಣುತ್ತದೆ. ಮೊಬೈಲ್‌ನಲ್ಲಿ ತೆಗೆದ ಚಿತ್ರವಂತೂ ಬರೀ ಬೆಳ್ಳಗೆ ಬರುತ್ತದೆ. ಇನ್ನೂ ದೊಡ್ಡ ದೂರದರ್ಶಕ ಬೇಕೇ?

ಉತ್ತರ: ಬೇಡ. ಕುಳಿಗಳನ್ನು ನೋಡಲು ನಿಮ್ಮ ಉಪಕರಣ ಧಾರಾಳವಾಗಿ ಸಾಕು. ಬದಲಾಗಬೇಕಾದದ್ದು ನೀವು ಆರಿಸಿಕೊಂಡ ರಾತ್ರಿ.

ಚಂದ್ರನ ದೊಡ್ಡ ಕುಳಿಗಳು ನಾವು ಊಹಿಸುವಷ್ಟು ಆಳವಾದವುಗಳಲ್ಲ. ಕೊಪರ್ನಿಕಸ್ ಕುಳಿಯ ಅಗಲ ಸುಮಾರು 93 ಕಿ.ಮೀ., ಆಳ ನಾಲ್ಕು ಕಿ.ಮೀ.ಗಿಂತ ತುಸು ಕಡಿಮೆ. ಅಂದರೆ ಅದು ಬಾವಿಗಿಂತ ಊಟದ ತಟ್ಟೆಯನ್ನೇ ಹೆಚ್ಚು ಹೋಲುತ್ತದೆ. ಇಂತಹ ತಗ್ಗನ್ನು ನಮ್ಮ ಕಣ್ಣಿಗೆ ತೋರಿಸಿಕೊಡುವುದು ನೆರಳು ಮಾತ್ರ. ಅಲ್ಲಿಯ ಆಕಾಶದಲ್ಲಿ ಸೂರ್ಯ ಐದು ಡಿಗ್ರಿ ಮೇಲಿದ್ದಾಗ ಒಂದು ಕಿ.ಮೀ. ಎತ್ತರದ ಶಿಖರದ ನೆರಳು ಹನ್ನೊಂದು ಕಿ.ಮೀ.ಗೂ ಹೆಚ್ಚು ದೂರ ಚಾಚಿಕೊಳ್ಳುತ್ತದೆ, ನಲವತ್ತೈದು ಡಿಗ್ರಿಗೆ ಏರಿದಾಗ ಅದೇ ನೆರಳು ಒಂದು ಕಿ.ಮೀ.ಗೆ ಕುಗ್ಗುತ್ತದೆ. ಹುಣ್ಣಿಮೆಯಲ್ಲಿ ಸೂರ್ಯನ ಬೆಳಕು ಹೆಚ್ಚುಕಡಿಮೆ ನಮ್ಮ ಬೆನ್ನ ಹಿಂದಿನಿಂದಲೇ ಬೀಳುವುದರಿಂದ, ಉಳಿದ ಅಲ್ಪಸ್ವಲ್ಪ ನೆರಳುಗಳೂ ಅವುಗಳನ್ನು ಚೆಲ್ಲಿದ ಬಂಡೆಗಳ ಹಿಂದೆಯೇ ಅಡಗುತ್ತವೆ. ಆ ರಾತ್ರಿ ನೋಡಲು ಯೋಗ್ಯವಾದದ್ದೆಂದರೆ ಟೈಕೋ ಕುಳಿಯಿಂದ ಸುತ್ತಲೂ ಹರಡಿರುವ ಬಿಳಿಯ ಕಿರಣಪಟ್ಟೆಗಳು.

ಆದ್ದರಿಂದ ಬೆಳಕು ಮತ್ತು ಕತ್ತಲೆ ಸಂಧಿಸುವ ಗಡಿರೇಖೆಯ ಮೇಲೆ ಕಣ್ಣಿಡಿ. ಸೂರ್ಯ-ಚಂದ್ರರ ನಡುವಣ ಕೋನ ಹನ್ನೆರಡು ಡಿಗ್ರಿ ಹೆಚ್ಚಿದಂತೆಲ್ಲ ಒಂದು ತಿಥಿ ಕಳೆಯುವುದರಿಂದ, ಗಡಿರೇಖೆ ಎಲ್ಲಿದೆ ಎಂಬುದನ್ನು ತಿಥಿಯಿಂದಲೇ ಅಂದಾಜು ಮಾಡಬಹುದು. ಶುಕ್ಲ ಪಕ್ಷದ ಷಷ್ಠಿಯ ಸುಮಾರಿಗೆ ಥಿಯೋಫಿಲಸ್, ಸಿರಿಲಸ್, ಕ್ಯಾಥರಿನಾ ಎಂಬ ಮೂರು ಕುಳಿಗಳ ಸಾಲು ಬೆಳಕಿಗೆ ಬರುತ್ತದೆ. ಅಷ್ಟಮಿಗೆ ಟಾಲೆಮಿಯಸ್ ಮತ್ತು ಅದರ ನೆರೆಯ ಅಲ್ಫೋನ್ಸಸ್, ನವಮಿಗೆ ಟೈಕೋ, ಪ್ಲೇಟೋ, ಕ್ಲೇವಿಯಸ್, ದಶಮಿಗೆ ಕೊಪರ್ನಿಕಸ್. ಇವುಗಳಲ್ಲಿ ಕ್ಲೇವಿಯಸ್ ನನಗೆ ಅತ್ಯಂತ ಪ್ರಿಯವಾದದ್ದು: ಇನ್ನೂರು ಕಿ.ಮೀ.ಗೂ ಅಗಲವಾದ ಆ ಕುಳಿಯ ನೆಲದಲ್ಲಿ ಒಂದಕ್ಕಿಂತ ಒಂದು ಕಿರಿದಾಗುತ್ತ ಹೋಗುವ ಕುಳಿಗಳು ಕಮಾನಿನಂತೆ ಬಾಗಿ ನಿಂತಿವೆ, ಅವುಗಳಲ್ಲಿ ಎಷ್ಟು ಸ್ಪಷ್ಟವಾಗಿ ಕಂಡವು ಎಂಬುದೇ ಆ ರಾತ್ರಿಯ ಗಾಳಿಯ ಗುಣವನ್ನು ಹೇಳಿಬಿಡುತ್ತದೆ. ಒಂದೇ ಕುಳಿಯನ್ನು ಎರಡು ಗಂಟೆಯ ಅಂತರದಲ್ಲಿ ಮತ್ತೆ ನೋಡಿ. ಗಡಿರೇಖೆ ಚಂದ್ರನ ಮಧ್ಯರೇಖೆಯಲ್ಲಿ ಗಂಟೆಗೆ ಸುಮಾರು 15 ಕಿ.ಮೀ. ಸರಿಯುತ್ತದೆ, ಕತ್ತಲಲ್ಲಿದ್ದ ನಡುಶಿಖರದ ತುದಿಗೆ ಬಿಸಿಲು ತಾಗುವುದನ್ನು ನೀವೇ ಕಾಣಬಹುದು.

ನೋಡುವ ಮೊದಲು ದೂರದರ್ಶಕವನ್ನು ಅರ್ಧ ಗಂಟೆಯಾದರೂ ಹೊರಗಿಟ್ಟು ಕನ್ನಡಿ ತಣಿಯಲು ಬಿಡಿ. ವರ್ಧನೆ ನೂರರಿಂದ ನೂರೈವತ್ತು ಪಟ್ಟು ಇರಲಿ, ಗಾಳಿ ನಿಶ್ಚಲವಾಗಿದ್ದರೆ ಮಾತ್ರ ಇನ್ನೂ ಏರಿಸಿ. 130 ಮಿ.ಮೀ. ಕನ್ನಡಿಗೆ ಚಂದ್ರನ ಮೇಲೆ ಎರಡು ಕಿ.ಮೀ.ಗಿಂತ ಕಿರಿದಾದ ಅಂತರವನ್ನೂ ಬೇರ್ಪಡಿಸುವ ಶಕ್ತಿ ತಾತ್ತ್ವಿಕವಾಗಿ ಇದೆ. ಅದಕ್ಕೆ ಅಡ್ಡಿಯಾಗುವುದು ಬಹುಪಾಲು ನಮ್ಮ ವಾತಾವರಣವೇ.

ಚಿತ್ರ ಬೆಳ್ಳಗಾಗುವುದಕ್ಕೆ ಕಾರಣ ಸರಳ. ಚಂದ್ರನ ನೆಲಕ್ಕೆ ಬೀಳುತ್ತಿರುವುದು ನೇರ ಬಿಸಿಲು, ಆದರೆ ಸುತ್ತಲಿನ ಕಪ್ಪು ಆಕಾಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮೊಬೈಲ್ ಅಗತ್ಯಕ್ಕಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಪರದೆಯ ಮೇಲೆ ಕುಳಿಯೊಂದನ್ನು ಒತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ, ಅತ್ಯಂತ ಹೊಳೆಯುವ ಭಾಗದಲ್ಲೂ ವಿವರಗಳು ಉಳಿಯುವವರೆಗೆ ಬೆಳಕನ್ನು ತಗ್ಗಿಸಿ. ಮೊಬೈಲನ್ನು ಕೈಯಲ್ಲಿ ಹಿಡಿಯದೆ, ಐಪೀಸ್‌ಗೆ (ಕಣ್ಣಿಟ್ಟು ನೋಡುವ ಮಸೂರಕ್ಕೆ) ಬಿಗಿಯುವ ಹಿಡಿಕೆಯಲ್ಲಿ ಕೂರಿಸಿ.

ಒಂದು ಫೋಟೋಗಿಂತ ವಿಡಿಯೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಾಳಿಯ ಅಲುಗಾಟ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಸೆಕೆಂಡಿಗೆ 30 ಚೌಕಟ್ಟುಗಳಂತೆ ಒಂದು ನಿಮಿಷ ಚಿತ್ರೀಕರಿಸಿದರೆ ದೊರೆಯುವ 1,800 ಚಿತ್ರಗಳಲ್ಲಿ ಕೆಲವಾದರೂ ನಿಶ್ಚಲ ಕ್ಷಣಗಳಲ್ಲಿ ಸಿಕ್ಕಿರುತ್ತವೆ. ಆಟೋಸ್ಟ್ಯಾಕರ್ಟ್‌ನಂತಹ ಉಚಿತ ತಂತ್ರಾಂಶವು ಅವುಗಳನ್ನು ಹೆಕ್ಕಿ, ಒಂದರ ಮೇಲೊಂದು ಸರಿಯಾಗಿ ಕೂರಿಸಿ ಸರಾಸರಿ ತೆಗೆಯುತ್ತದೆ, ಶೇ. 10ರಿಂದ 20ರಷ್ಟನ್ನು ಉಳಿಸಿಕೊಂಡರೆ ಸಾಕು. ನಿಮ್ಮ ದೂರದರ್ಶಕಕ್ಕೆ ಆಕಾಶವನ್ನು ಹಿಂಬಾಲಿಸುವ ಮೋಟರ್ ಇಲ್ಲದಿದ್ದರೂ ಚಿಂತೆಯಿಲ್ಲ: ಷಟರ್ ವೇಗವನ್ನು ಸೆಕೆಂಡಿನ ಅರವತ್ತನೆಯ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ ಅವಧಿಗೆ ಇಟ್ಟು, ಕುಳಿ ದೃಷ್ಟಿಕ್ಷೇತ್ರವನ್ನು ತಾನಾಗಿಯೇ ದಾಟಲು ಬಿಡಿ.

ಕೊನೆಯ ಹಂತದಲ್ಲಿ ಚಿತ್ರವನ್ನು ಹರಿತಗೊಳಿಸುವಾಗ ಕೈ ಬಿಗಿ ಹಿಡಿಯಿರಿ. ಮಿತಿ ಮೀರಿದರೆ ಕುಳಿಯಂಚುಗಳ ಸುತ್ತ ಇಲ್ಲದ ಬಿಳಿಗೆರೆಗಳು ಹುಟ್ಟಿಕೊಂಡು, ನೆಲದ ಮೇಲೆ ಸುಳ್ಳು ಕುಳಿಗಳು ಮೂಡುತ್ತವೆ. ಸಂದೇಹ ಬಂದರೆ ಅದೇ ರಾತ್ರಿ ತೆಗೆದ ಎರಡು ವಿಡಿಯೋಗಳನ್ನು ಪ್ರತ್ಯೇಕವಾಗಿ ಸಂಸ್ಕರಿಸಿ ಹೋಲಿಸಿ ನೋಡಿ. ಒಂದರಲ್ಲಿ ಮಾತ್ರ ಇರುವ ವಿವರವನ್ನು ನಂಬಬೇಡಿ.