ಪಿಕಿಯಾಗೆ ಪೆರಾಕ್ಸೈಡ್ ಹಾಕಿ ಪಳಗಿಸಬಹುದಾ?

ಪ್ರೋಟೀನ್ ತಯಾರಿಸೋಕೆ ಬೆಳೆಸೋ ಪಿಕಿಯಾ ಯೀಸ್ಟ್ ಮೆಥನಾಲ್ ಕೊಟ್ಟ ಮೇಲೆ ಸಾಯ್ತಿದೆ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಅದನ್ನು ತಡೆದುಕೊಳ್ಳೋ ಹಾಗೆ ಪಳಗಿಸೋಕೆ ಎಷ್ಟರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಶುರುವೇ ಮಾಡಬೇಡಿ. ಇದೇ ಕೆಲಸಕ್ಕೆ ನಾನು ನಾಲ್ಕು ತಿಂಗಳು ಸುರಿದಿದ್ದೇನೆ.

ದಿನಾ ಬೆಳಗ್ಗೆ ಹಳೆ ಫ್ಲಾಸ್ಕಿನಿಂದ ಹೊಸದಕ್ಕೆ ಧಾರಾಳವಾಗಿ ಕಲ್ಚರ್ ಸುರಿದು, ಮೇಲೆ ಪೆರಾಕ್ಸೈಡ್ ಹಾಕುತ್ತಿದ್ದೆ. ವಾರಕ್ಕೊಮ್ಮೆ ಪ್ರಮಾಣ ಏರಿಸುತ್ತಿದ್ದೆ. ಏರಿಸಿದಷ್ಟೂ ಬೆಳೆಯಿತು. ಮೆಥನಾಲ್ ಕೊಡುವ ಟ್ಯಾಂಕಿಗೆ ಹಾಕಿದರೆ ಮೂರನೇ ದಿನ ಮೊದಲಿನಂತೆಯೇ ಸತ್ತಿತು.

ತಪ್ಪು ನನ್ನ ಕಣ್ಣೆದುರೇ ಇತ್ತು. ಪೆರಾಕ್ಸೈಡ್ ಬಿದ್ದ ಕೂಡಲೇ ಸಣ್ಣ ಗುಳ್ಳೆಗಳು ಎದ್ದು ಗಾಜಿನ ಅಂಚಿಗೆ ಅಂಟಿಕೊಳ್ಳುತ್ತಿದ್ದವು. ಅದು ಆಮ್ಲಜನಕ. ಕೋಶಗಳ ಕೆಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ಒಡೆದು ನೀರು ಮಾಡುತ್ತಿತ್ತು. ಕೊನೆಗೊಂದು ದಿನ ಪೆರಾಕ್ಸೈಡ್ ಅಳೆಯುವ ಪಟ್ಟಿ ಅದ್ದಿದೆ. ಹಾಕಿದಾಗ ಕಡುನೀಲಿ, ಅರ್ಧ ಗಂಟೆಗೆ ಪೂರ್ತಿ ಬಿಳಿ. ಅಂದರೆ ಅರ್ಧ ಗಂಟೆ ಕಷ್ಟ, ಉಳಿದ ಇಪ್ಪತ್ತಮೂರೂವರೆ ಗಂಟೆ ಆರಾಮ. ದಟ್ಟವಾದ ಕಲ್ಚರ್ ಅಲ್ವಾ, ನೂರು ಮಂದಿ ಸೇರಿ ಒಂದು ಮೂಟೆ ಹೊತ್ತ ಹಾಗೆ. ಯಾರ ಹೆಗಲೂ ಗಟ್ಟಿಯಾಗಲ್ಲ. ಸತ್ತು ಒಡೆದ ಕೋಶದ ಕೆಟಲೇಸ್ ಕೂಡ ಪಕ್ಕದವನನ್ನು ಕಾಯುತ್ತೆ. ನಾನು ಬಲಶಾಲಿಗಳನ್ನು ಆರಿಸುತ್ತಿರಲಿಲ್ಲ, ಸುಮ್ನೆ ಎಲ್ಲರನ್ನೂ ಸಾಕುತ್ತಿದ್ದೆ.

ತೆಳುವಾಗಿ ಬಿತ್ತಿದ್ದರೂ ಅಷ್ಟೇನೂ ಉಪಯೋಗ ಆಗುತ್ತಿರಲಿಲ್ಲ ಅನ್ನಿಸುತ್ತದೆ. ನಾನು ಬೆಳೆಸಿದ್ದು ಗ್ಲೂಕೋಸಿನಲ್ಲಿ. ಅದರಲ್ಲಿ ಮೆಥನಾಲ್ ಜೀರ್ಣಿಸಲು ಬೇಕಾದ ಎಒಎಕ್ಸ್1 ಜೀನ್ ಮಲಗಿರುತ್ತದೆ. ಟ್ಯಾಂಕಿನಲ್ಲಿ ಆ ಜೀನಿನ ಕಿಣ್ವವೇ ಒಂದೊಂದು ಮೆಥನಾಲ್ ಅಣುವಿಗೂ ಒಂದು ಪೆರಾಕ್ಸೈಡ್, ಒಂದು ಫಾರ್ಮಾಲ್ಡಿಹೈಡ್ ಹುಟ್ಟಿಸುತ್ತದೆ, ಅದೂ ಕೋಶದೊಳಗಿನ ಪೆರಾಕ್ಸಿಸೋಮ್ ಎಂಬ ಪುಟ್ಟ ಚೀಲದ ಒಳಗೆ. ಹೊರಗಿನಿಂದ ಸುರಿದು ಕಲಿಸುವ ಪಾಠವೇ ಬೇರೆ.

ಹಾಗಾಗಿ ಮೊದಲು ನಿಮ್ಮ ಫೀಡ್, ಅಂದರೆ ಮೆಥನಾಲ್ ಉಣಿಸುವ ಪ್ರಮಾಣ ನೋಡಿ. ಮೆಥನಾಲ್ ಪಂಪ್ ನಿಲ್ಲಿಸಿ, ಡಿಒ (ದ್ರವದಲ್ಲಿ ಕರಗಿದ ಆಮ್ಲಜನಕ) ಮೀಟರ್ ಮೇಲೆ ಕಣ್ಣಿಡಿ. ಮೆಥನಾಲ್ ಮುಗಿದರೆ ಯೀಸ್ಟ್ ಆಮ್ಲಜನಕ ಬಳಸುವುದೂ ಕಡಿಮೆಯಾಗುತ್ತೆ. ಒಂದು ನಿಮಿಷದೊಳಗೆ ಡಿಒ ಜಿಗಿದರೆ ಕೊಟ್ಟದ್ದನ್ನೆಲ್ಲ ಯೀಸ್ಟ್ ತಿನ್ನುತ್ತಿದೆ. ಜಿಗಿಯದೆ ತಡವಾದರೆ ಒಳಗೆ ಮೆಥನಾಲ್ ಜಾಸ್ತಿ ನಿಂತಿದೆ. ನನ್ನ ಟ್ಯಾಂಕಿನಲ್ಲಿ ಹಾಗೇ ನಿಂತಿತ್ತು. ಫೀಡ್ ಇಳಿಸಿದೆ, ಸ್ವಲ್ಪ ಸಾರ್ಬಿಟಾಲ್ (ಸಕ್ಕರೆಯಂಥ ಆಹಾರ) ಜೊತೆಗೆ ಕೊಟ್ಟೆ, ತಾಪಮಾನ 30ರಿಂದ 25 ಡಿಗ್ರಿಗೆ ತಂದೆ. ಹಳೆಯ ತಳಿಯೇ, ಏನೂ ಪಳಗಿಸದ ತಳಿಯೇ, ಐದು ದಿನ ಬದುಕಿತು.

ಇಷ್ಟಾದರೂ ಪಳಗಿಸಲೇಬೇಕು ಅಂದರೆ ಮೆಥನಾಲಿನಲ್ಲೇ ಬೆಳೆಸಿ, ತೆಳುವಾಗಿ ಬಿತ್ತಿ. ವಾರಕ್ಕೊಮ್ಮೆ ಪ್ರೋಟೀನ್ ಅಳೆಯಿರಿ, ಬರೀ ಬೆಳವಣಿಗೆ ನೋಡಬೇಡಿ. ಆದರೆ ಅದಕ್ಕೆ ಮುಂಚೆ ಪಂಪ್ ನಿಲ್ಲಿಸಿ ನೋಡಿ, ಡಿಒ ಎಷ್ಟು ಸೆಕೆಂಡಿಗೆ ಏರಿತು ಅಂತ ಹೇಳಿ.