ಬರಹಗಾರರಿಗೆ: ಮುಖಪುಟದ ಗಾಯಕಿ ನಮ್ಮನ್ನೇಕೆ ನೋಡಬೇಕು?

ಪ್ರಿಯ ಲೇಖಕಿಯವರೇ,

ಪುಣೆಯ ಕನ್ನಡ ವಿದ್ಯಾರ್ಥಿಗಳಿಗಾಗಿ ನೀವು ವಿನ್ಯಾಸ ಮಾಡಿದ ಸಂಗೀತ ಪತ್ರಿಕೆಯ ಕುರಿತ ಲೇಖನವನ್ನೂ ಜೊತೆಗೆ ಕಳುಹಿಸಿದ ಮುಖಪುಟ, ನಡುಪುಟಗಳನ್ನೂ ನೋಡಿದೆ. ಈ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಬದಿಗೆ ಸರಿಸಿಬಿಡುವ ಬರಹವೂ ಇದಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಲೇಖನದ ಮುಕ್ಕಾಲು ಪಾಲು ಗುರುಗಳೆದುರು ಪಾಠ ಒಪ್ಪಿಸಿದಂತಿದೆ. ಪತ್ರಿಕೆಯ ಹೆಸರು ಮೇಲಿದೆ, ಒಳಗೇನಿದೆ ಎಂದು ಹೇಳುವ ಸಾಲುಗಳು ಎಡಕ್ಕಿವೆ, ಬಾರ್‌ಕೋಡ್ ಕೆಳಗಿದೆ, ಬಣ್ಣಗಳು ಮೂರೇ ಇವೆ, ಆದ್ದರಿಂದ ಸಂಗೀತ ಪತ್ರಿಕೆಯ ನಿಯಮಗಳನ್ನು ಪಾಲಿಸಲಾಗಿದೆ. ಪಾಲಿಸಿದ್ದೀರಿ, ಸರಿ. ಯಾಕೆ ಎಂದು ಒಮ್ಮೆಯೂ ಕೇಳಿಕೊಂಡಿಲ್ಲ. ಅಂಗಡಿಯಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಸ್ವಲ್ಪ ಸರಿಸಿ ಜೋಡಿಸಿಟ್ಟಾಗ ಎಡ ಅಂಚಷ್ಟೇ ಕಾಣುತ್ತದೆ. ಸಾಲುಗಳು ಎಡಕ್ಕೆ ಬಂದದ್ದು ಅದಕ್ಕೆ. ನಿಮ್ಮದು ಕಾಲೇಜಿನ ಕ್ಯಾಂಟೀನಿನಲ್ಲಿ ಕೈಯಿಂದ ಕೈಗೆ ಹೋಗುವ ಪತ್ರಿಕೆ. ಬೆಲೆಯೇ ಇಲ್ಲದ ಸಂಚಿಕೆಗೆ ಬಾರ್‌ಕೋಡ್ ಅಂಟಿಸಿದ್ದು ನೋಡಿ ನಗು ಬಂತು.

ಹೆಸರಿನ ವಿಷಯ ನಗುವಂಥದ್ದಲ್ಲ. ಗಾಯಕಿಯ ತಲೆ ಅದನ್ನು ಅರ್ಧ ಮುಚ್ಚಿದೆ. ಅಮೆರಿಕದ ಸಂಗೀತ ಪತ್ರಿಕೆ 'ರೋಲಿಂಗ್ ಸ್ಟೋನ್' ಹಾಗೆ ಮಾಡುತ್ತದೆ ಎಂಬುದು ನಿಮ್ಮ ಸಮರ್ಥನೆ. 1967ರಿಂದ ಬರುತ್ತಿರುವ ಪತ್ರಿಕೆಯನ್ನು ಎರಡು ಅಕ್ಷರ ಕಂಡರೂ ಓದುಗ ಗುರುತಿಸುತ್ತಾನೆ. ನಿಮ್ಮದು ಮೊದಲ ಸಂಚಿಕೆ, ಅದೂ ಕನ್ನಡದಲ್ಲಿ. ಒತ್ತಕ್ಷರ ಮರೆಯಾದರೆ ಪದವೇ ಬೇರೆಯಾಗುತ್ತದೆ. ನಡುಪುಟದಲ್ಲಿಯೂ ಇಂಗ್ಲಿಷ್ ಮಾದರಿಯ ಸಾಲಂತರವನ್ನು ಹಾಗೆಯೇ ಉಳಿಸಿಕೊಂಡು, ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುವಂತೆ ಮಾಡಿದ್ದೀರಿ.

ಈಗ ನಾಲ್ಕನೆಯ ಹಾಳೆಯ ಕೊನೆಯ ಮೂರು ಸಾಲಿಗೆ ಬರೋಣ. ಮುಖಪುಟದ ಗಾಯಕಿಯಾದ ನಿಮ್ಮ ಗೆಳತಿ ಹಾಡುತ್ತಿದ್ದಾಗ ತೆಗೆದ ಫೋಟೊ ಚೆನ್ನಾಗಿತ್ತು, ಆದರೆ ಅವಳ ಕಣ್ಣು ಮುಚ್ಚಿತ್ತು, ಕೈ ಮೇಲೆದ್ದಿತ್ತು. ಮುಖಪುಟದ ವ್ಯಕ್ತಿ ಓದುಗನನ್ನೇ ದಿಟ್ಟಿಸಬೇಕಾದ್ದರಿಂದ ಅದನ್ನು ಕೈಬಿಟ್ಟು, ಅವಳನ್ನು ಗೋಡೆಗೆ ಒರಗಿಸಿ ಬೇರೊಂದು ತೆಗೆದೆ ಎನ್ನುತ್ತೀರಿ. ನಿಮ್ಮ ಲೇಖನ ಇರುವುದೇ ಇಲ್ಲಿ! ದಿಟ್ಟಿಸುವ ನೋಟ ರಾಕ್, ಪಾಪ್ ಪತ್ರಿಕೆಗಳದ್ದು. ಅಲ್ಲಿ ತಾರೆಯ ಠೀವಿಯೂ ಮಾರಾಟದ ಸರಕು. 1981ರಲ್ಲಿ ಶುರುವಾದ ಬ್ರಿಟನ್ನಿನ ರಾಕ್ ಪತ್ರಿಕೆ 'ಕೆರಾಂಗ್' ಗಿಟಾರಿನ ಸದ್ದನ್ನೇ ಹೆಸರಾಗಿ ಇಟ್ಟುಕೊಂಡಿತು, ಬಿರುಕು ಬಿಟ್ಟ ಅಕ್ಷರಗಳು ಅದಕ್ಕೆ ಒಪ್ಪುತ್ತವೆ. ತಂಬೂರಿ ಹಿಡಿದವಳ ತಲೆಯ ಮೇಲೆ ಅದೇ ಬಿರುಕೇಕೆ? ಭೀಮಸೇನ ಜೋಶಿಯವರು ಹಾಡುತ್ತಿರುವ ಚಿತ್ರಗಳನ್ನು ನೋಡಿ: ಮುಚ್ಚಿದ ಕಣ್ಣು, ಚಾಚಿದ ತೋಳು, ಸ್ವರದ ಹಿಂದೆ ಓಡುವ ಮುಖ. ಕುಂದಗೋಳದ ಸವಾಯಿ ಗಂಧರ್ವರು ಅವರ ಗುರುಗಳು. ಆ ಗುರುವಿನ ನೆನಪಿಗೆ 1953ರಲ್ಲಿ ಆರಂಭವಾದ ಉತ್ಸವ ನಡೆಯುವುದು ನಿಮ್ಮ ಪುಣೆಯಲ್ಲೇ. ಖಯಾಲ್ ಎಂಬ ಹಿಂದೂಸ್ತಾನಿ ಪ್ರಕಾರದ ಗಾಯಕರು ಹೇಗೆ ಕಾಣುತ್ತಾರೆ ಎಂದು ಅಲ್ಲಿಯ ಕೇಳುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀವು ಕೈಬಿಟ್ಟ ಫೋಟೊ ಅವರಿಗೆ ತಟ್ಟನೆ ಅರ್ಥವಾಗುತ್ತಿತ್ತು.

ಹಾಗಾಗಿ ಮೊದಲಿನಿಂದ ಬರೆಯಿರಿ. ಎರಡು ಫೋಟೊಗಳನ್ನೂ ಮುಂದಿಟ್ಟುಕೊಂಡಾಗ ಗೆಳತಿ ಏನೆಂದಳು, ನೀವೇಕೆ ಹಿಂಜರಿದಿರಿ, ನಿಯಮಪುಸ್ತಕ ಗೆದ್ದದ್ದು ಹೇಗೆ ಎಂಬುದೆಲ್ಲ ಬರಲಿ. 'ಬಳಸಲಾಗಿದೆ', 'ಆಯ್ಕೆ ಮಾಡಲಾಗಿದೆ' ಎಂಬಲ್ಲೆಲ್ಲ 'ನಾನು' ಬರಲಿ. ಆಯ್ದವರು ನೀವೇ ತಾನೆ? ಓದುಗರ ಸಮೀಕ್ಷೆಯ ಕೋಷ್ಟಕ ಬೇಡ. ಹಾಸ್ಟೆಲಿನ ಗೆಳತಿಯರು ಚೆನ್ನಾಗಿದೆ ಎನ್ನದೆ ಇನ್ನೇನೆನ್ನುತ್ತಾರೆ?

ಮುದ್ರಕರ ಬಳಿ ಹೋಗುವ ಮೊದಲು ಇನ್ನೊಂದು. ಒಟ್ಟು 14 ಪುಟ ಎಂದಿದ್ದೀರಿ. ಮಡಚಿ ನಡುವೆ ಪಿನ್ ಹೊಡೆಯುವ ಪತ್ರಿಕೆಗೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು, ಅಂದರೆ 12 ಇಲ್ಲವೇ 16. ನನ್ನನ್ನು ಕೇಳಿದರೆ 12 ಸಾಕು. ಆ ಎರಡು ಪುಟದ ರಸಪ್ರಶ್ನೆಯನ್ನು ಯಾರೂ ಬಿಡಿಸುವುದಿಲ್ಲ.

ಸಂಪಾದಕ